ಚಿನ್ನುವನ್ನು ಯಾವ ಸ್ಕೂಲಿಗೆ ಸೇರಿಸಲಿ

ಪಾಂಡವಪುರ ತಾಲ್ಲೂಕು
೧೮ ಮೇ ೨೦೨೪

ಮಾನಸ,

ಕ್ಷೇಮ ಕೇಳಿ ಕಾಗದ ಶುರು ಮಾಡುವುದು ಪದ್ಧತಿ. ನಿನ್ನ ಕ್ಷೇಮ ನನಗೆ ಬೇಕಾಗಿಲ್ಲ, ನನ್ನದು ಹೇಗಿದೆಯೆಂದು ನಿನಗೆ ಗೊತ್ತೇ ಇದೆ. ನೇರ ವಿಷಯಕ್ಕೆ ಬರುತ್ತೇನೆ.

ನನ್ನ ತಂಗಿ ಚಿನ್ನು ಪಿಯುಸಿ ಮುಗಿಸಿದಳು, ಎರಡನೇ ಸಲ ಬರೆದು. ಡಿಗ್ರಿಗೆ ಹೋಗುವುದಿಲ್ಲವಂತೆ. ಬ್ಯೂಟಿಷಿಯನ್ ಕೋರ್ಸ್ ಮಾಡುತ್ತಾಳಂತೆ. ದಿನಾ ನನ್ನ ಮುಖ ನೋಡಿಕೊಂಡೇ ಉಣ್ಣುವವಳು ಈ ಮಾತು ಆಡಿದಾಗ ತಟ್ಟೆ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅವಳ ಕೈಗುಣ ನಿನಗೂ ಗೊತ್ತು. ಆರನೇ ಕ್ಲಾಸಿನಲ್ಲೇ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಜಡೆ ಹಾಕುತ್ತಿದ್ದಳು. ನೀನು ಪಾಂಡವಪುರದಲ್ಲಿ ಪಾರ್ಲರ್ ಇಟ್ಟಾಗ ಕಾಲೇಜು ತಪ್ಪಿಸಿ ಬಂದು ನಿನ್ನ ಪಕ್ಕ ನಿಂತು ನೋಡುತ್ತಿದ್ದವಳೂ ಅವಳೇ. ಬೇರೆ ಯಾವುದರಲ್ಲೂ ಅವಳಿಗೆ ಇಷ್ಟು ಆಸೆ ಇದ್ದದ್ದನ್ನು ನಾನು ಕಂಡಿಲ್ಲ.

ಅಪ್ಪ ಮೊದಲು ಸೂರು ಹಾರಿಹೋಗುವ ಹಾಗೆ ಕೂಗಾಡಿದರು. ಚಿನ್ನು ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೇ ದಿನ ಅಪ್ಪ ನನ್ನ ಕಡೆ ತಿರುಗಿ, "ಆಯ್ತು, ಗಂಡು ಗೊತ್ತಾಗೋ ಗಂಟ ಕಲ್ತ್ಕೊಳ್ಲಿ. ಎಲ್ಲಿಗೆ ಸೇರಿಸ್ಬೇಕು ಅಂತ ನೀನೇ ನೋಡವ್ವ. ಅನುಭವಿಸ್ದೋಳು ನೀನಲ್ವಾ" ಅಂದರು. ಅದು ಚುಚ್ಚುಮಾತೋ ನಂಬಿಕೆಯೋ ತಿಳಿಯಲಿಲ್ಲ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಮೂರು ಸ್ಕೂಲಿನ ಪಾಂಪ್ಲೆಟ್ ಇಟ್ಟುಕೊಂಡು ಕೂತಿದ್ದೇನೆ. ಮೂರರಲ್ಲೂ ಅದೇ ಬೆಳ್ಳನೆಯ ಹುಡುಗಿ, ಅದೇ ನಗು. ಇಂಥ ಸ್ಕೂಲು ಆರಿಸುವಾಗ ಏನೇನು ನೋಡಬೇಕು? ನೀನು ಕಲಿತವಳು, ಪಾರ್ಲರ್ ನಡೆಸಿದವಳು, ಒಂದು ಮುಖ ಕೆಡಿಸಿದವಳು. ನಿನಗಿಂತ ಚೆನ್ನಾಗಿ ಹೇಳುವವರು ನನಗೆ ಗೊತ್ತಿಲ್ಲ.

ನಿನ್ನ ನಂಬರು ನನ್ನ ಹತ್ತಿರ ಇಲ್ಲ. ಇದ್ದರೂ ಫೋನು ಮಾಡುವುದಿಲ್ಲ, ನಿನ್ನ ದನಿ ಕೇಳುವ ಶಕ್ತಿ ನನಗಿಲ್ಲ. ನಿನ್ನ ಅಪ್ಪ ಅಮ್ಮ ಊರು ಬಿಟ್ಟು ಕೆ.ಆರ್. ಪೇಟೆಯ ನಿನ್ನ ದೊಡ್ಡಮ್ಮನ ಮನೆ ಸೇರಿದರು ಅಂತ ಕೇಳಿದ್ದೆ, ಆ ವಿಳಾಸಕ್ಕೆ ಹಾಕುತ್ತಿದ್ದೇನೆ. ಉತ್ತರವನ್ನು ಮನೆಗೆ ಹಾಕಬೇಡ, ನಮ್ಮೂರ ಹಾಲಿನ ಡೈರಿಗೆ ಹಾಕು. ಹಾಲು ಪರೀಕ್ಷೆ ಮಾಡುವ ಕೆಲಸ ಈಗ ನನ್ನದು. ಮಾಸ್ಕ್ ಹಾಕಿಕೊಂಡೇ ಮಾಡುತ್ತೇನೆ. ಕೊರೊನಾ ಹೋಗಿ ಎಷ್ಟು ದಿನವಾಯಿತು ಅಂತ ಈಗೀಗ ಯಾರೂ ಕೇಳುವುದಿಲ್ಲ.

ಕೇಳಿದ್ದಕ್ಕೆ ಮಾತ್ರ ಉತ್ತರ ಬರೆ.

ರಂಜಿತ


ಶ್ರೀರಂಗಪಟ್ಟಣ
೭ ಜುಲೈ ೨೦೨೪

ರಂಜಿತ,

ಮೊದಲು "ರಂಜಿತ ಅವರಿಗೆ" ಅಂತ ಬರೆದೆ. ಹರಿದು ಇನ್ನೊಂದು ಹಾಳೆ ತೆಗೆದುಕೊಂಡೆ. ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವಳನ್ನು ಏನಂತ ಕರೆಯಬೇಕೋ ಈಗ ತೋಚುತ್ತಿಲ್ಲ.

ನಿನ್ನ ಕಾಗದ ಅಮ್ಮನ ಹತ್ತಿರ ಒಂದೂವರೆ ತಿಂಗಳು ಉಳಿದುಹೋಯಿತು. ಪೋಸ್ಟ್‌ಮನ್ ಕಳಿಸಿದವರ ಹೆಸರು ಓದಿ ಹೇಳಿದ್ದಕ್ಕೆ ಅಮ್ಮ ಹೆದರಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಹೋದ ಭಾನುವಾರ ಹೋದಾಗ, "ಗೌಡ್ರ ಮನೆ ಕಾಗ್ದ ಕಣವ್ವ, ಕೇಸ್ ಗೀಸ್ ಹಾಕವ್ರಾ ನೋಡು" ಅಂತ ಕೊಟ್ಟಳು. ನಾನು ಈಗ ಶ್ರೀರಂಗಪಟ್ಟಣದಲ್ಲಿ ಒಂದು ಕಡೆ ಕೆಲಸಕ್ಕಿದ್ದೇನೆ, ಗಂಜಾಂನಲ್ಲಿ ಒಂದು ರೂಮು ಮಾಡಿಕೊಂಡಿದ್ದೇನೆ.

ಪಾಂಪ್ಲೆಟ್ಟುಗಳನ್ನು ಒಲೆಗೆ ಹಾಕು. ಚಿನ್ನುವನ್ನು ಕರೆದುಕೊಂಡು ಸ್ಕೂಲಿಗೇ ಹೋಗು. ಮೇಡಂ ಹತ್ತಿರ ಮಾತಾಡುವ ಮುಂಚೆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ನೋಡು. ಜೀವ ಇರುವವರು ಕೂತಿರಬೇಕು. ನಾನು ಕಲಿತಲ್ಲಿ ಹದಿನಾಲ್ಕು ಹುಡುಗಿಯರಿಗೆ ಎರಡು ಗೊಂಬೆ ತಲೆ. ಉಜ್ಜಿ ಉಜ್ಜಿ ಒಂದರ ಮೂಗು ಸವೆದುಹೋಗಿತ್ತು, ಅದಕ್ಕೆ ಹೆಸರಿಟ್ಟು ನಗುತ್ತಿದ್ದೆವು. ಗೊಂಬೆ ಯಾವತ್ತೂ "ಉರೀತದೆ" ಅನ್ನುವುದಿಲ್ಲ. ಅದರ ಕೆನ್ನೆ ಕೆಂಪಾಗುವುದಿಲ್ಲ. ಯಾವ ಚರ್ಮಕ್ಕೆ ಎಷ್ಟು ಹೊತ್ತು, ಯಾವಾಗ ಗಾಬರಿಯಿಂದ ಒರೆಸಿ ತೆಗೆಯಬೇಕು, ಇದೊಂದನ್ನೂ ಕಲಿಯದೆ ನಾನು ಸರ್ಟಿಫಿಕೇಟು ಹಿಡಿದು ಮನೆಗೆ ಬಂದೆ. ಆ ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಕಟ್ಟು ಇತ್ತು. ಕೆಳಗಿನ ಮೊಹರು ಯಾರದು, ಅದಕ್ಕೆ ಎಲ್ಲಿ ಬೆಲೆ ಇದೆ ಅಂತ ನನ್ನಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀನು ಕೇಳು.

ಹುಡುಗಿ ಕೆಲಸ ಮಾಡುವಾಗ ಟೀಚರು ಎಲ್ಲಿ ನಿಂತಿದ್ದಾಳೆ ಅನ್ನುವುದನ್ನೂ ನೋಡು. ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಟ್ಟು ಕಾಫಿಗೆ ಹೋಗಿದ್ದರೆ ಮಾತಾಡದೆ ವಾಪಸು ಬಾ. ಆ ಟೀಚರು ಇದಕ್ಕೆ ಮುಂಚೆ ಎಲ್ಲಿ ಕೆಲಸ ಮಾಡಿದ್ದಳು, ಯಾಕೆ ಬಿಟ್ಟಳು ಅಂತ ವಿಚಾರಿಸಲು ನಾಚಿಕೊಳ್ಳಬೇಡ. ಕಸದ ಬುಟ್ಟಿಯಲ್ಲಿ ಬಳಸಿದ ಬ್ಲೇಡು ಇರಬೇಕು. ಇಲ್ಲದಿದ್ದರೆ ಅದು ಇನ್ನೊಬ್ಬಳ ಹುಬ್ಬಿಗೆ ಹೋಗಿದೆ ಅಂತ ತಿಳಿ. ಮೇಡಂ ಹೇಳುವುದನ್ನು ಬಿಟ್ಟು, ಕ್ಲಾಸು ಮುಗಿಸಿ ಮೆಟ್ಟಿಲಿಳಿಯುವ ಹುಡುಗಿಯನ್ನು ನಿಲ್ಲಿಸಿ ಕೇಳು: ಇಲ್ಲಿಯ ತನಕ ಎಷ್ಟು ಜನರ ಮುಖ ಮುಟ್ಟಿದ್ದೀಯಮ್ಮ ಅಂತ. ಅವಳು ಯೋಚನೆ ಮಾಡಿದರೆ ಒಳ್ಳೆಯದು, ಲೆಕ್ಕ ತಪ್ಪುವಷ್ಟು ಜನ ಇದ್ದಾರೆ ಅಂತ. ತಟ್ಟನೆ ಉತ್ತರ ಬಂದರೆ ಬೇಡ. ಮೂರು ತಿಂಗಳಲ್ಲಿ ಎಲ್ಲ ಕಲಿಸುತ್ತೇವೆ ಅನ್ನುವವರು ಬೇಡವೇ ಬೇಡ.

ಇನ್ನೊಂದಿದೆ. ಹೊಸ ಕ್ರೀಮು ಹಚ್ಚುವ ಮುಂಚೆ ಏನು ಮಾಡುತ್ತೀರಿ ಅಂತ ಕೇಳು. ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ ಒಂದು ದಿನ ಕಾದು ನೋಡುತ್ತೇವೆ ಅನ್ನಬೇಕು. ಹಾಗೆ ಮಾಡುವುದನ್ನು ನೀನು ಕಣ್ಣಾರೆ ನೋಡಬೇಕು. ನಮ್ಮ ಮೇಡಂ ಅದನ್ನು ನೋಟ್ಸಿನಲ್ಲಿ ಬರೆಸಿದ್ದರು. "ಪರೀಕ್ಸೆಗೆ ಬತ್ತದೆ, ಬರ್ಕಳಿ" ಅಂದಿದ್ದರು. ಎರಡು ಮಾರ್ಕ್ಸಿನ ಪ್ರಶ್ನೆ. ಪೂರ್ತಿ ಬಂತು.

ನಿನ್ನ ಚಪ್ಪರದ ದಿನ ಬೆಳಿಗ್ಗೆ ಅರಿಶಿನದ ಶಾಸ್ತ್ರದಲ್ಲಿ ಹೆಂಗಸರೆಲ್ಲ ಸೇರಿ ಕಡಲೆಹಿಟ್ಟು ಅರಿಶಿನ ಹಾಕಿ ನಿನ್ನ ಮುಖ ತಿಕ್ಕಿದ್ದರು. ಮಧ್ಯಾಹ್ನ ನಾನು ಬರುವ ಹೊತ್ತಿಗೆ ಚರ್ಮ ಎಳೆಯದಾಗಿತ್ತು. ಅಂಥ ಮುಖಕ್ಕೆ ಬ್ಲೀಚ್ ಮುಟ್ಟಿಸಬಾರದು. ಸಂಜೆಯ ಆರತಕ್ಷತೆ ಫೋಟೋದಲ್ಲಿ ಹಳದಿ ಕಾಣಬಾರದು ಅಂತ ಮುಟ್ಟಿಸಿದೆ. ಬೇಗ ಹೋಗಲಿ ಅಂತ ಪುಡಿ ಎರಡು ಚಿಟಿಕೆ ಜಾಸ್ತಿ ಹಾಕಿದೆ. ಗೊಂಬೆಗೆ ಹಚ್ಚಿದ ಹಾಗೆ ಹಚ್ಚಿ, ಗೊಂಬೆಗೆ ಕಾದಷ್ಟು ಹೊತ್ತು ಕಾದೆ. ತಪ್ಪು ನನ್ನದು, ಬೇರೆ ಯಾರದೂ ಅಲ್ಲ.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೆ ಒಂದು ಸ್ಕೂಲಿದೆಯಲ್ಲ, ನಾನು ಕಲಿತದ್ದು, ಅಲ್ಲಿಗೆ ಮಾತ್ರ ಚಿನ್ನುವನ್ನು ಸೇರಿಸಬೇಡ.

ಇದಕ್ಕಿಂತ ಹೆಚ್ಚು ಬರೆಯುವ ಹಕ್ಕಿಲ್ಲದ,
ಮಾನಸ


ಪಾಂಡವಪುರ ತಾಲ್ಲೂಕು
೧೧ ಆಗಸ್ಟ್ ೨೦೨೪

ಮಾನಸ,

ನಿನ್ನ ಕಾಗದವನ್ನು ಹಾಲಿನ ಕ್ಯಾನುಗಳ ಮಧ್ಯೆ ನಿಂತು ಓದಿದೆ. ದಿನಕ್ಕೆರಡು ಹೊತ್ತು, ಒಬ್ಬೊಬ್ಬರ ಹಾಲನ್ನೂ ಪರೀಕ್ಷೆ ಮಾಡಿಯೇ ಒಳಗೆ ತೆಗೆದುಕೊಳ್ಳುತ್ತೇನೆ. ಹಾಲಿಗಿರುವ ಯೋಗ ನನ್ನ ಮುಖಕ್ಕಿರಲಿಲ್ಲ.

ನೀನು ಹೇಳಿದ ಹಾಗೆ ಮಾಡಿದೆವು. ಪಾಂಡವಪುರದ ಸ್ಕೂಲಿನಲ್ಲಿ ಕುರ್ಚಿಯೇ ಇರಲಿಲ್ಲ. ಮೈಸೂರಿನದು ನೋಡಿ ನನಗೆ ಹೊಟ್ಟೆ ಉರಿಯಿತು, ನೀನು ಯಾಕೆ ಇಂಥಲ್ಲಿ ಕಲಿಯಲಿಲ್ಲ ಅಂತ. ಒಬ್ಬ ಹುಡುಗಿ ವಯಸ್ಸಾದ ಹೆಂಗಸಿನ ಮುಖಕ್ಕೆ ಏನೋ ಹಚ್ಚುತ್ತಿದ್ದಳು. ಟೀಚರು ಅವಳ ಕೈ ಮೇಲೆ ತನ್ನ ಕೈ ಇಟ್ಟುಕೊಂಡು ನಿಂತಿದ್ದರು. ಆ ಹೆಂಗಸಿನ ಕಿವಿಯ ಹಿಂದೆ ಹಿಂದಿನ ದಿನದ ಪರೀಕ್ಷೆಯ ಗುರುತು ತೋರಿಸಿದರು. ಚಿನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ಬಸ್ಸಿನಲ್ಲಿ ಊರು ಬರುವ ತನಕ ಅದೇ ಮಾತು. "ಅಕ್ಕಯ್ಯ, ಒಂದ್ ವರ್ಸ ಕಲ್ತು ಬಂದ್ರೆ ನಿನ್ ಕಲೇನೂ ಕಾಣ್ದಂಗೆ ಮಾಡ್ತೀನಿ ನೋಡ್ತಿರು" ಅಂದಳು. ನನಗೆ ಅಳು ಬಂತು, ಮಾಸ್ಕಿನೊಳಗೇ ಅತ್ತೆ.

ಅಪ್ಪ ಒಪ್ಪಲಿಲ್ಲ. "ಒಂದ್ ವರ್ಸ? ಮೈಸೂರ್ಗೆ ದಿನಾ ಒಬ್ಳೇ ಹೋಗಿ ಬರಾದಾ? ಆಮೇಕೆ ಯಾವನ್ ಬತ್ತಾನೆ ಇವಳ್ನ ಕೇಳ್ಕೊಂಡು? ಪಟ್ಣದಲ್ಲಿ ಮೂರ್ ತಿಂಗ್ಳಿಂದು ಅದ್ಯಲ್ಲ, ಅಲ್ಲಿಗ್ ಸೇರ್ಸಿ" ಅಂದರು. ನೀನು ಬೇಡ ಅಂದ ಸ್ಕೂಲೇ ಅದು. ನೀನು ಅಲ್ಲಿ ಕಲಿತೆ ಅನ್ನುವುದು ಅಪ್ಪನಿಗೆ ಗೊತ್ತಿಲ್ಲ. ಏನು ಮಾಡಲಿ ಹೇಳು.

ಇನ್ನು, ನಿನ್ನ ಕಾಗದದಲ್ಲಿ ಒಂದು ಮಾತಿಲ್ಲ. ಬೇಕೆಂದೇ ಬಿಟ್ಟಿದ್ದೀಯ. ನೀನು ಬಿಟ್ಟರೆ ನಾನು ಬಿಡುವುದಿಲ್ಲ.

ಆವತ್ತು ನೀನು ಬೇಡ ಅಂದಿದ್ದೆ. "ಅರಿಸ್ನ ಬಿದ್ದೈತೆ ಕಣೇ, ಇವತ್ ಬ್ಲೀಚ್ ಬ್ಯಾಡ. ಪೌಡ್ರಲ್ಲೇ ಸರಿ ಮಾಡ್ತೀನಿ" ಅಂದೆ. ಹುಡುಗ ದಿಲೀಪನ ಅಕ್ಕ "ಹುಡ್ಗಿ ಬಣ್ಣ ಒಸಿ ಕಮ್ಮಿ" ಅಂದದ್ದು ನನ್ನ ತಲೆ ಕೊರೆಯುತ್ತಿತ್ತು. ಹಟ ಹಿಡಿದವಳು ನಾನು. ನೀನು ಮತ್ತೂ ಬೇಡ ಅಂದಾಗ, "ನಿಮ್ಮೋರ್ನ ಯಾರ್ನಾದ್ರೂ ನಮ್ ನಡುಮನೆ ಗಂಟ ಬುಟ್ಕೊಂಡಿದ್ವಾ? ನಿನ್ನ ಬುಟ್ಕೊಂಡಿವಿ. ಇಷ್ಟ್ ಮಾಡಾಕಾಗಲ್ವಾ?" ಅಂದೆ. ನೀನು ಆಮೇಲೆ ಬಟ್ಟಲು ತೆಗೆದುಕೊಂಡೆ. ಆ ನಿನ್ನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಚ್ಚಿದ ಮೇಲೆ ಉರಿಯಿತು. ಉರಿದಷ್ಟೂ ಬೆಳ್ಳಗಾಗುತ್ತೇನೆ ಅಂದುಕೊಂಡು ಹಲ್ಲು ಕಚ್ಚಿ ಕೂತೆ.

ಗುಳ್ಳೆ ಎದ್ದಾಗ ಅಮ್ಮ ಬಾಯಿ ಬಡಿದುಕೊಂಡಳು, "ಇದ್ಯಾಕಮ್ಮಿ ಹಚ್ಚುಸ್ಕೊಂಡೆ?" ಅಂತ. "ಅವ್ಳೇ ಹಚ್ಚುದ್ಲು, ನಂಗೇನ್ ಗೊತ್ತು" ಅಂದೆ. ಅಷ್ಟೇ. ದಿಲೀಪನ ಕಡೆಯವರು ಛತ್ರದಿಂದಲೇ ವ್ಯಾನು ತಿರುಗಿಸಿದರು. ಅಪ್ಪ ಜನ ಕಟ್ಟಿ ನಿಮ್ಮ ಕೇರಿಗೆ ನುಗ್ಗಿದರು. ನಿನ್ನ ಅಪ್ಪ ದ್ಯಾವಯ್ಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದರಂತೆ. ವಾರದೊಳಗೆ ನೀವು ಊರಲ್ಲಿರಲಿಲ್ಲ. ಒಂದೂವರೆ ವರ್ಷವಾಯಿತು, ಈ ಮಾತನ್ನು ನಾನು ಯಾರ ಹತ್ತಿರವೂ ಹೇಳಿಲ್ಲ.

ನೀನಾದರೂ ಬರೆಯಬಹುದಿತ್ತು.

ರಂಜಿತ


ಪಾಂಡವಪುರ ತಾಲ್ಲೂಕು
೧೭ ಸೆಪ್ಟೆಂಬರ್ ೨೦೨೪

ಮಾನಸ,

ನನ್ನ ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಯಾಕೆ ಅಂತ ನಿನ್ನೆ ಗೊತ್ತಾಯಿತು.

ಅಪ್ಪ ನಿನ್ನೆ ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದರು. ಇವತ್ತೇ ಸೇರಿಸಿ ಕೈ ತೊಳೆದುಕೊಳ್ಳುತ್ತೇನೆ ಅಂದರು. ಅವರು ಕೆಳಗೆ ಟೀ ಅಂಗಡಿಯಲ್ಲಿ ನಿಂತರು, ನಾನು ಚಿನ್ನು ಮೆಟ್ಟಿಲು ಹತ್ತಿದೆವು. ನಿನ್ನ ಕಾಗದ ನನ್ನ ಪರ್ಸಿನಲ್ಲಿತ್ತು. ಇಳಿದು ಬರುತ್ತಿದ್ದ ಒಬ್ಬ ಹುಡುಗಿಯನ್ನು ನೀನು ಹೇಳಿದ ಹಾಗೇ ನಿಲ್ಲಿಸಿ ಕೇಳಿದೆ, ಎಷ್ಟು ಜನರ ಮುಖ ಮುಟ್ಟಿದ್ದೀಯಮ್ಮ ಅಂತ. "ಯಾರ್ದೂ ಇಲ್ಲಕ್ಕ, ಮಾನಸ ಮಿಸ್ ಗೊಂಬೇಲೇ ತೋರುಸ್ತಾರೆ" ಅಂದಳು.

ಬಾಗಿಲಿಂದ ನೋಡಿದೆ. ನಮ್ಮ ಕಡೆ ಬೆನ್ನು ಹಾಕಿ ನಿಂತು, ಗೊಂಬೆಯ ಕೆನ್ನೆಗೆ ಬ್ರಷ್ಷಿನಿಂದ ಹಚ್ಚುತ್ತಿದ್ದೆ. ಏಳೆಂಟು ಹುಡುಗಿಯರು ಬಗ್ಗಿ ನೋಡುತ್ತಿದ್ದರು. ಚಿನ್ನು ನನ್ನ ಕೈ ಹಿಡಿದು, "ಅಕ್ಕಯ್ಯ, ಮಾನಸಕ್ಕ ಕಣೇ!" ಅಂತ ಪಿಸುಗುಟ್ಟಿದಳು. ಅವಳ ಮುಖ ಎಷ್ಟು ಅರಳಿತ್ತು ಅಂದರೆ, ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎಳೆದುಕೊಂಡು ಕೆಳಗಿಳಿದೆ. ಮೇಡಂ ಇಲ್ಲ, ಇನ್ನೊಂದು ದಿನ ಬರಬೇಕಂತೆ ಅಂತ ಅಪ್ಪನಿಗೆ ಸುಳ್ಳು ಹೇಳಿದೆ.

ಟೀಚರು ಮುಂಚೆ ಎಲ್ಲಿದ್ದಳು, ಯಾಕೆ ಬಿಟ್ಟಳು, ನಾಚಿಕೊಳ್ಳದೆ ಕೇಳು ಅಂತ ಬರೆದವಳು ನೀನು. ಕೇಳುತ್ತಿದ್ದೇನೆ. ಅಷ್ಟೆಲ್ಲ ತಿಳಿದವಳು ಅದೇ ಗೊಂಬೆ ಮುಂದೆ ನಿಂತು ಇನ್ನೆಷ್ಟು ಹುಡುಗಿಯರನ್ನು ನಿನ್ನ ಹಾಗೆ ಮಾಡಿ ಕಳಿಸುತ್ತೀಯ? ಅವರು ಹೋಗಿ ಇನ್ನೆಷ್ಟು ಮುಖಕ್ಕೆ ಕೈ ಹಾಕುತ್ತಾರೆ?

ಚಿನ್ನು ಅಲ್ಲಿಗೇ ಸೇರುತ್ತೇನೆ ಅಂತ ಕೂತಿದ್ದಾಳೆ, ನೀನಿದ್ದೀಯ ಅನ್ನುವ ಧೈರ್ಯಕ್ಕೆ. ಅಪ್ಪನಿಗೆ ನೀನಿರುವುದು ಗೊತ್ತಾದರೆ ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ. ಹೇಳದೆ ಇದ್ದರೆ ನನ್ನ ತಂಗಿ ಗೊಂಬೆ ಮುಂದೆ ನಿಲ್ಲುತ್ತಾಳೆ. ನನ್ನನ್ನು ಯಾವ ಇಕ್ಕಟ್ಟಿಗೆ ತಂದು ನಿಲ್ಲಿಸಿದೆ ನೋಡು.

ರಂಜಿತ


ಗಂಜಾಂ, ಶ್ರೀರಂಗಪಟ್ಟಣ
೨೯ ಸೆಪ್ಟೆಂಬರ್ ೨೦೨೪

ರಂಜಿ,

ನೀನು ಬಂದದ್ದು ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದ್ದರೆ ಏನಾಗುತ್ತಿತ್ತೋ ಕಾಣೆ.

ಮುಚ್ಚಿಟ್ಟದ್ದು ತಪ್ಪು. ಯಾಕೆ ಅಲ್ಲಿದ್ದೇನೆ ಅಂತ ಕೇಳಿದ್ದೀಯ, ಹೇಳುತ್ತೇನೆ. ಪಾರ್ಲರ್ ಮುಚ್ಚಿದ ಮೇಲೆ ಮೈಸೂರಿನಲ್ಲಿ ಒಂದು ಕಡೆ ಕೆಲಸಕ್ಕೆ ಸೇರಿದೆ. ಮೊದಲ ದಿನ ಒಬ್ಬಳು ಫೇಶಿಯಲ್ಲಿಗೆ ಬಂದು ಕಣ್ಣು ಮುಚ್ಚಿ ಮಲಗಿದಳು. ನನ್ನ ಕೈ ಅವಳ ಕೆನ್ನೆಯವರೆಗೆ ಹೋಗಿ ನಿಂತಿತು. ಮುಟ್ಟಲು ಆಗಲಿಲ್ಲ. ಎರಡನೇ ದಿನವೂ ಅಷ್ಟೇ, ಕೈಯಿಂದ ಬಟ್ಟಲು ಕೆಳಗೆ ಬಿತ್ತು. ಓನರು "ಮನೆಗೋಗಿ ರೆಸ್ಟ್ ತಗೋಮ್ಮ" ಅಂದರು. ಅಪ್ಪನಿಗೆ ಕೆ.ಆರ್. ಪೇಟೆಯಲ್ಲಿ ಕೆಲಸ ಸಿಕ್ಕಿರಲಿಲ್ಲ. ನಾನು ಕಲಿತದ್ದು ಇದೊಂದೇ. ಮುಖ ಮುಟ್ಟದೆ ಈ ಕಸುಬಿನಲ್ಲಿ ಬದುಕಬಹುದಾದ ಜಾಗ ಆ ಮಹಡಿ ಒಂದೇ ಆಗಿತ್ತು ರಂಜಿ. ಗೊಂಬೆಗೆ ನೋವಾಗುವುದಿಲ್ಲ ಅಂತಲೇ ಅಲ್ಲಿಗೆ ಹೋದೆ.

ಹುಡುಗಿಯರಿಗೆ ಕಿವಿಯ ಹಿಂದಿನ ಪರೀಕ್ಷೆ ಮಾಡಿಸಬೇಕು ಅಂತ ಮೇಡಂಗೆ ಹೇಳಿದೆ. "ಒಂದಿನ ಕಾಯ್ತಾ ಕೂತ್ರೆ ಸಿಲೆಬಸ್ ಮುಗಿಯಲ್ಲ" ಅಂದರು. ಬಾಯಿ ಮಾತಲ್ಲಿ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ, ನಾನು ಬರೆದುಕೊಂಡ ಹಾಗೆಯೇ. ಬ್ಯಾಚು ಮುಗಿದ ದಿನ ಎಲ್ಲರೂ ನನ್ನ ಕಾಲಿಗೆ ಬೀಳುತ್ತಾರೆ. ಆವತ್ತು ನನಗೆ ಊಟ ಸೇರುವುದಿಲ್ಲ.

ಚಿನ್ನುವನ್ನು ನನ್ನ ಹತ್ತಿರ ಕಳಿಸಬೇಡ. ಅವಳು ಬಂದು ಎದುರಿಗೆ ನಿಂತರೆ ನಾನು ಸತ್ತೇ ಹೋಗುತ್ತೇನೆ. ಅವಳನ್ನು ಮೈಸೂರಿಗೇ ಸೇರಿಸು.

ನಿನ್ನ ಅಪ್ಪ ಯಾಕೆ ಒಪ್ಪುತ್ತಿಲ್ಲ ಅಂತ ನಾನು ಬಹಳ ಯೋಚನೆ ಮಾಡಿದೆ. ಈ ಕಸುಬೇ ಕೆಟ್ಟದ್ದು, ಇದನ್ನು ಮಾಡುವವರು ಕೆಟ್ಟವರು, ಮೂರು ತಿಂಗಳಾದರೇನು ವರ್ಷವಾದರೇನು ಅಂತ ಅವರ ಮನಸ್ಸಿನಲ್ಲಿದೆ. ನಿಜ ಗೊತ್ತಾದರೆ ಹಾಗೆ ಅನ್ನಿಸಲಿಕ್ಕಿಲ್ಲ. ನಾನು ಬೇಡ ಅಂದದ್ದು, ನೀನು ಹಟ ಹಿಡಿದದ್ದು, ನನಗೆ ಸರಿಯಾಗಿ ಕಲಿಸಿದ್ದರೆ ಗಟ್ಟಿಯಾಗಿ ಬೇಡ ಅನ್ನುವ ಧೈರ್ಯ ನನಗೂ ಇರುತ್ತಿತ್ತು ಅನ್ನುವುದು. ಚೆನ್ನಾಗಿ ಕಲಿತವಳು ಯಾರ ನಡುಮನೆಯಲ್ಲಿ ನಿಂತರೂ ಇಲ್ಲ ಅನ್ನುತ್ತಾಳೆ. ಅದನ್ನು ಅವರಿಗೆ ಹೇಳು. ನನಗೋಸ್ಕರ ಬೇಡ, ನನ್ನದು ಮುಗಿಯಿತು. ಚಿನ್ನುಗೋಸ್ಕರ ಹೇಳು.

ನಿನ್ನಿಂದ ನಾನು ಕೇಳುವುದು ಇದೊಂದೇ.

ಮಾನಸ


ಪಾಂಡವಪುರ ತಾಲ್ಲೂಕು
೨೪ ನವೆಂಬರ್ ೨೦೨೪

ಮಾನಸ,

ಹೇಳಿದೆ. ಹೇಳಲು ಒಂದು ತಿಂಗಳ ಮೇಲೆ ಹಿಡಿಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಕೊಟ್ಟಿಗೆಯಲ್ಲಿ ಒಬ್ಬರೇ ಇದ್ದರು. ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಿಂತುಕೊಂಡು ಎಲ್ಲ ಹೇಳಿದೆ. ನಡುಮನೆಯ ಮಾತನ್ನೂ ಬಿಡದೆ ಹೇಳಿದೆ. ಅಪ್ಪ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೈ ಒದರಿಕೊಂಡು, "ಅಂಗಾದ್ರೆ ನಿನ್ ಮುಖ ನೀನೇ ಸುಟ್ಕೊಂಡೆ" ಅಂದರು. ನಾನು ಹೌದು ಅಂದೆ. "ದ್ಯಾವಯ್ಯನ ಮನೆ ಮುಂದೆ ನಾನು ಏನೇನ್ ಅಂದೆ ಗೊತ್ತಾ ನಿಂಗೆ?" ಅಂದರು. ಅಪ್ಪನ ಕಣ್ಣಲ್ಲಿ ನೀರು ನಿಂತಿತ್ತು. ನಾಳೆಯೇ ಕೆ.ಆರ್. ಪೇಟೆಗೆ ಹೊರಟುಬಿಡುತ್ತಾರೇನೋ ಅಂದುಕೊಂಡೆ. ಮೈಸೂರಿನ ಸ್ಕೂಲು ಕಣ್ಣ ಮುಂದೆ ಬಂತು. ಎಂಥ ಪೆದ್ದಿ ನಾನು.

ಅಪ್ಪ ಕಣ್ಣೊರೆಸಿಕೊಂಡು ಅಂದದ್ದು ಇಷ್ಟು. "ಆಗಿದ್ದು ಆಗೋಯ್ತು. ಅವ್ರು ಹೋದ್ರು. ಊರೋರು ಏನ್ ತಿಳ್ಕೊಂಡವ್ರೋ ಅದೇ ಇರ್ಲಿ. ಈ ಮಾತು ಈ ಹೊಸ್ಲು ದಾಟ್ಬಾರ್ದು, ದಾಟುದ್ರೆ ಚಿನ್ನೂಗೂ ಗಂಡ್ ಸಿಕ್ಕಾಕಿಲ್ಲ." ಆಮೇಲೆ, "ಬಿಳೀ ಆಗ್ಬೇಕು ಅಂತ ಒಬ್ಳು ಸುಟ್ಕೊಂಡ್ಲು. ಇನ್ನೊಬ್ಳು ಅದೇ ಕಲೀಬೇಕಾ? ಯಾವ್ ಸ್ಕೂಲೂ ಬ್ಯಾಡ, ಪಟ್ಣನೂ ಬ್ಯಾಡ, ಮೈಸೂರೂ ಬ್ಯಾಡ" ಅಂದರು.

ಹದಿನೈದು ದಿನದಲ್ಲಿ ಗಂಡು ಗೊತ್ತಾಯಿತು. ನಾಗಮಂಗಲದ ಕಡೆಯವನು, ಧರ್ಮೇಂದ್ರ ಅಂತ. ಕೆಟ್ಟವನಲ್ಲ. ಅವರ ಮನೆಯಲ್ಲಿ ಸೊಸೆಯಂದಿರನ್ನು ಹೊರಗೆ ಕೆಲಸಕ್ಕೆ ಕಳಿಸುವುದಿಲ್ಲವಂತೆ. ಫೆಬ್ರವರಿಯಲ್ಲಿ ಮದುವೆ. ಚಿನ್ನುಗೆ ಇನ್ನೂ ಇಪ್ಪತ್ತು ತುಂಬಿಲ್ಲ.

ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮುಂಚೆ ಒಂದೇ ಒಂದು ಮಾತು ಆಡಿದಳು. "ನೀನು ಆ ಸುಳ್ಳನ್ನ ಅಂಗೇ ಇಟ್ಕೊಂಡಿದ್ರೆ ನಾನು ಪಟ್ಣದಲ್ಲಾದ್ರೂ ಒಸಿ ಕಲ್ತ್ಕೊತಿದ್ದೆ ಕಣಕ್ಕಯ್ಯ. ಒಂದೂವರೆ ವರ್ಸ ಇಟ್ಕೊಂಡಿದ್ದೋಳು ಇನ್ನ್ ಮೂರ್ ತಿಂಗ್ಳು ಇಟ್ಕೊಳಾಕ್ ಆಗ್ಲಿಲ್ವಾ ನಿಂಗೆ?"

ಇದಕ್ಕೆ ನಾನು ಏನು ಹೇಳಬೇಕಿತ್ತು? ನಿನಗೆ ಹೊಳೆದರೆ ಬರೆ.

ರಂಜಿತ


ಕೆ.ಆರ್. ಪೇಟೆ
೧೯ ಡಿಸೆಂಬರ್ ೨೦೨೪

ರಂಜಿ,

ಹೊಳೆಯಲಿಲ್ಲ. ಹೇಳು ಅಂತ ನಿನ್ನನ್ನು ಹಿಂಡಿದವಳು ನಾನು. ಇನ್ನೊಂದು ಸಲ ನಿಮ್ಮ ಮನೆಯ ಹುಡುಗಿಯ ಬಾಳಿಗೆ ಕೈ ಹಾಕಿದ ಹಾಗಾಯಿತು.

ಹೋದ ತಿಂಗಳ ಕೊನೆಗೆ ಆ ಸ್ಕೂಲು ಬಿಟ್ಟೆ. ನಾನು ಬಿಟ್ಟರೆ ಹುಡುಗಿಯರಿಗೆ ಒಳ್ಳೆಯದಾಗುತ್ತದೆ ಅಂದುಕೊಂಡಿದ್ದೆ. ಮೇಡಂ ನಾಲ್ಕೇ ದಿನದಲ್ಲಿ ಹಿಂದಿನ ಬ್ಯಾಚಿನ ಒಬ್ಬಳನ್ನು ಕರೆಸಿ ನಿಲ್ಲಿಸಿದ್ದಾರೆ. ನಾನೇ ಕಲಿಸಿದವಳು. ಅವಳು ಇಲ್ಲಿಯ ತನಕ ಒಂದು ಮುಖವನ್ನೂ ಮುಟ್ಟಿಲ್ಲ.

ನಾನು ಅಮ್ಮನ ಜೊತೆ ಕೂಲಿಗೆ ಹೋಗುತ್ತಿದ್ದೇನೆ. ನಿನ್ನ ಅಪ್ಪ ಅಂದದ್ದನ್ನು ನನ್ನ ಅಪ್ಪನಿಗೆ ಹೇಳಿದೆ. "ಗೌಡ್ರು ಕಣ್ಣೀರ್ ಹಾಕುದ್ರಾ?" ಅಂತ ಎರಡು ಸಲ ಕೇಳಿದರು. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡರು, ಅದನ್ನು ನೋಡಿ ನನಗೆ ಸಿಟ್ಟು ಬಂತು.

ಚಿನ್ನು ಮದುವೆಯ ದಿನ ಅವಳ ಮುಖಕ್ಕೆ ಯಾರಾದರೂ ಒಳ್ಳೆಯವರಿಂದ ಮಾಡಿಸು.

ಮಾನಸ


ಪಾಂಡವಪುರ ತಾಲ್ಲೂಕು
೨೬ ಫೆಬ್ರವರಿ ೨೦೨೫

ಮಾನಸ,

ಚಿನ್ನುವನ್ನು ಕಳಿಸಿಕೊಟ್ಟು ಬಂದಿದ್ದೇವೆ. ಮನೆಯಲ್ಲಿ ಈಗ ನಾನು, ಅಪ್ಪ, ಅಮ್ಮ. ಮೂವರೂ ಮಾತಾಡುವುದು ಹಾಲಿನ ವಿಷಯ ಮಾತ್ರ.

ಒಳ್ಳೆಯವರಿಂದ ಮಾಡಿಸು ಅಂದಿದ್ದೆ. ಅಪ್ಪ ಮೊದಲೇ ಕಟ್ಟಪ್ಪಣೆ ಮಾಡಿದ್ದರು, ಪಾರ್ಲರಿನವರು ಚಪ್ಪರದ ಕಂಬವನ್ನೂ ಮುಟ್ಟಬಾರದು ಅಂತ. ಅರಿಶಿನದ ಶಾಸ್ತ್ರದಲ್ಲಿ ಹೆಂಗಸರು ಕೈ ಮುಂದೆ ತಂದಾಗ ಚಿನ್ನು, "ಮುಖ ತಿಕ್ಬ್ಯಾಡಿ, ಸುಮ್ಕೆ ಮುಟ್ಸಿ" ಅಂತ ಎಲ್ಲರ ಎದುರಿಗೂ ಗಟ್ಟಿಯಾಗಿ ಹೇಳಿದಳು. ಮಧ್ಯಾಹ್ನ ನಾಗಮಂಗಲದ ಛತ್ರಕ್ಕೆ ಹೋದ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ನನ್ನನ್ನು ಮಾತ್ರ ಒಳಗೆ ಬಿಟ್ಟುಕೊಂಡಳು. ಮೂರು ತಿಂಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು. "ಕೂತ್ಕೊ ಅಕ್ಕಯ್ಯ" ಅಂದಳು.

ಮೊದಲು ನನಗೆ ಮಾಡಿದಳು. ಹಿಂದಿನ ದಿನವೇ ನಾನು ನಿದ್ದೆಗಣ್ಣಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಕಿವಿಯ ಹಿಂದೆ ಏನೋ ಸವರಿ ಹೋಗಿದ್ದಳು, ಅದು ಏನಂತ ಆಗ ಗೊತ್ತಾಯಿತು. ಎಲ್ಲಿ ಕಲಿತೆಯೇ ಅಂದರೆ, "ಮಾನಸಕ್ಕನ ಕಾಗ್ದದಲ್ಲಿ" ಅಂದಳು. ನನ್ನ ಪರ್ಸಿನಿಂದ ಕದ್ದು ಓದಿದ್ದಳಂತೆ. ಎಡಗೆನ್ನೆಯ ಕಲೆಯ ಮೇಲೆ ಬೆರಳಿಡುವಾಗ ನಿಮಿಷಕ್ಕೊಂದು ಸಲ "ಉರೀತದಾ?" ಅಂತ ಕೇಳಿದಳು. ಆ ಮುಖವನ್ನು ಎರಡು ವರ್ಷದಿಂದ ಡಾಕ್ಟರನ್ನು ಬಿಟ್ಟು ಬೇರೆ ಯಾರೂ ಮುಟ್ಟಿರಲಿಲ್ಲ, ನಾನೂ ಸರಿಯಾಗಿ ಮುಟ್ಟಿರಲಿಲ್ಲ. ಕನ್ನಡಿ ಹಿಡಿದಳು. ಕಲೆ ಕಾಣಲಿಲ್ಲ ಮಾನಸ. ನಾನು ಮಾಸ್ಕಿಲ್ಲದೆ ಆ ಛತ್ರದ ತುಂಬ ಓಡಾಡಿದೆ.

ಆಮೇಲೆ ಕಿಟಕಿಯ ಬೆಳಕಿಗೆ ಕೂತು ತನ್ನದು ತಾನೇ ಮಾಡಿಕೊಂಡಳು. ಹೇಗೆ ಮಾಡಿದಳೋ ದೇವರಿಗೇ ಗೊತ್ತು. ಮೇಕಪ್ಪು ಅಂತ ಅನ್ನಿಸುವ ಹಾಗೇ ಇರಲಿಲ್ಲ, ನಿದ್ದೆ ಮಾಡಿ ಎದ್ದ ಮಗುವಿನ ಮುಖದ ಹಾಗಿತ್ತು. ಮುಗಿದ ಮೇಲೆ ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು, "ಅಲ್ಲಿಗೆ ತಗೊಂಡೋದ್ರೆ ಅತ್ತೆ ಬಯ್ತಾರೆ" ಅಂದಳು.

ಆರತಕ್ಷತೆಯಲ್ಲಿ ಹುಡುಗನ ಕಡೆಯ ಹೆಂಗಸರೆಲ್ಲ ಮುತ್ತಿಕೊಂಡರು. ಧರ್ಮೇಂದ್ರನ ಚಿಕ್ಕಮ್ಮ ಒಬ್ಬರು ಚಿನ್ನುವಿನ ಗಲ್ಲ ಹಿಡಿದು, "ಎಷ್ಟ್ ಚಂದಾಗ್ ಮಾಡವ್ರೆ! ಯಾವ್ ಪಾರ್ಲರ್ನೋರು?" ಅಂತ ಕೇಳಿದರು. ಚಿನ್ನು ಬಾಯಿ ತೆರೆದಳು. ಅವಳು ಹೇಳಿಯೇಬಿಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಪ್ಪ ಎದೆಯುಬ್ಬಿಸಿ ನಕ್ಕು, "ಪಾರ್ಲರ್ ಗೀರ್ಲರ್ ಎಲ್ಲ ನಮ್ಮನೇಲಿ ಇಲ್ಲ ಕಣಮ್ಮ. ನಮ್ ಹುಡ್ಗೀದು ಹುಟ್ಟಿನ್ ಬಣ್ಣ" ಅಂದರು.

ಚಿನ್ನು ಬಾಯಿ ಮುಚ್ಚಿ ತಲೆ ತಗ್ಗಿಸಿದಳು. ನಾಚಿಕೊಂಡಳು ಅಂತ ಎಲ್ಲರೂ ನಕ್ಕರು, ನಾನೂ ಅವರ ಜೊತೆ ನಕ್ಕೆ.

ರಂಜಿತ